ಗಂಡಸರ ಮ್ಯಾಚ್‌ಗೆ ಹೆಂಗಸರ ಕಾಮೆಂಟರಿ ಯಾಕೆ ಬೇಕು?

ನೀವು ಕೇಳಿರುವುದು ಇಷ್ಟು: "ಗಂಡಸರ ಕ್ರಿಕೆಟ್‌ಗೆ ಮಹಿಳಾ ಕಾಮೆಂಟೇಟರ್‌ಗಳು ಯಾಕೆ? ಆ ಮಟ್ಟದ ಬೌಲಿಂಗನ್ನು ಅವರು ಆಡಿಯೇ ಇಲ್ಲ. ಸಮಾನತೆ ಅಂತ ತೋರಿಸಿಕೊಳ್ಳೋಕೆ ಸುಮ್ನೆ ಕೂರಿಸ್ತಾರೆ ಅಲ್ವಾ?"

ಮೊದಲು ಒಂದು ಮಧ್ಯಾಹ್ನದ ವಿಷಯ ಹೇಳುತ್ತೇನೆ.

ನಮ್ಮದು ತರೀಕೆರೆ ಕಡೆಯ ಒಂದು ಊರು. ಸಂಕ್ರಾಂತಿ ಕಳೆದ ಮೇಲೆ ಕಾಲೇಜು ಮೈದಾನದಲ್ಲಿ ಟೆನಿಸ್ ಬಾಲ್ ಟೂರ್ನಮೆಂಟ್ ಇಡುತ್ತಿದ್ದರು. ಎಂಟು ಓವರಿನ ಮ್ಯಾಚು, ಒಂದು ಶಾಮಿಯಾನ, ಎರಡು ಹಾರ್ನ್ ಸ್ಪೀಕರು. ಮೊದಲ ಬಹುಮಾನ ಒಂದು ಟಗರು. ನನಗೆ ಆಗ 19 ವರ್ಷ. ಅಕ್ಷರ ದುಂಡಗಿದೆ ಅಂತ ಸ್ಕೋರ್ ಬರೆಯೋಕೆ ಕೂರಿಸಿದ್ದರು. ಎರಡು ದಿನ ಒಂದು ಬಾಲೂ ಬಿಡದೆ ಬರೆದಿದ್ದೆ. ಎರಡನೇ ದಿನ ಮೈಕ್ ಹಿಡಿಯುವವರು ಊಟಕ್ಕೆ ಹೋದವರು ಬರಲೇ ಇಲ್ಲ. ಮ್ಯಾಚ್ ಕೊನೆಗೆ ಬಂದಿತ್ತು. ಮೈಕು ನನ್ನ ಟೇಬಲ್ ಮೇಲೆಯೇ ಇತ್ತು. ತೆಗೆದುಕೊಂಡೆ.

"ಇನ್ನು ಎರಡು ಓವರ್, ಬೇಕಾಗಿರೋದು ಹತ್ತೊಂಬತ್ತು ರನ್" ಅಂದೆ. ಆಮೇಲೆ ನನ್ನ ಪುಸ್ತಕದಲ್ಲಿ ಇದ್ದದ್ದನ್ನೇ ಹೇಳಿದೆ. ಕ್ರೀಸಿನಲ್ಲಿದ್ದ ಹುಡುಗ ಟೂರ್ನಮೆಂಟಿನಲ್ಲಿ ಹೊಡೆದಿದ್ದ ಐದು ಸಿಕ್ಸರೂ ಮಿಡ್‌ವಿಕೆಟ್ ಮೇಲೆ, ತೆಂಗಿನ ಮರದ ಕಡೆಗೇ ಹೋಗಿದ್ದವು. "ಅಲ್ಲಿಗೆ ಈಗ ಇಬ್ಬರನ್ನು ಹಾಕಿದ್ದಾರೆ, ಹಾಗಾಗಿ ಅದರ ಎದುರು ಬದಿಯ ಕವರ್ ಪೂರ್ತಿ ಖಾಲಿ" ಅಂದೆ. ಫೀಲ್ಡಿಂಗ್ ಕ್ಯಾಪ್ಟನ್ ಶಾಮಿಯಾನದ ಕಡೆ ತಿರುಗಿ ನೋಡಿ, ಒಬ್ಬನನ್ನು ಕವರ್‌ಗೆ ಓಡಿಸಿದ. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಅಷ್ಟು ಖುಷಿ.

ಮುಂದಿನ ಓವರಿನಲ್ಲಿ ತಪ್ಪು ಮಾಡಿದೆ. ಅಣ್ಣ ತಮ್ಮ ಇಬ್ಬರು ಒಂದೇ ಥರ ನೀಲಿ ಜೆರ್ಸಿ ಹಾಕಿ ಆಡುತ್ತಿದ್ದರು. ಔಟಾದದ್ದು ತಮ್ಮ, ನಾನು ಹೇಳಿದ್ದು ಅಣ್ಣನ ಹೆಸರು. ಹಿಂದಿನಿಂದ ಯಾರೋ ಕೂಗಿದರು, "ಹೆಣ್ಮಕ್ಳ ಕೈಗೆ ಮೈಕ್ ಕೊಟ್ರೆ ಹಿಂಗೇ!" ಎಲ್ಲರೂ ನಕ್ಕರು. ಕಮಿಟಿಯವರೊಬ್ಬರು ಬಂದು, "ಸಾಕಮ್ಮ, ನೀನು ಸ್ಕೋರ್ ಬರಿ" ಅಂತ ಮೈಕ್ ಇಸ್ಕೊಂಡರು. ಎರಡು ಓವರ್ ಕೂಡ ಪೂರ್ತಿ ಆಗಿರಲಿಲ್ಲ.

ಅದೇ ದಿನ ಬೆಳಗ್ಗೆ ಮೈಕಿನವರು ಸೋತ ತಂಡವನ್ನೇ ಗೆದ್ದಿದೆ ಅಂತ ಕೂಗಿಬಿಟ್ಟಿದ್ದರು. ಚೀಟಿ ಬರೆದುಕೊಟ್ಟು ಸರಿ ಮಾಡಿಸಿದ್ದು ನಾನೇ. ಆಗ ಜನ ಅವರ ಹೆಸರು ಹಿಡಿದು ನಕ್ಕರು. "ಗಂಡಸರ ಕೈಗೆ ಮೈಕ್ ಕೊಟ್ರೆ ಹಿಂಗೇ" ಅಂತ ಯಾರೂ ಅನ್ನಲಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಗಂಡಸು ತಪ್ಪು ಹೇಳಿದರೆ ಅದು ಅವನೊಬ್ಬನ ಖಾತೆಗೆ. ಹೆಂಗಸು ತಪ್ಪು ಹೇಳಿದರೆ ಎಲ್ಲ ಹೆಂಗಸರ ಖಾತೆಗೆ. ನಮ್ಮೂರಿನ ಮೈದಾನದಲ್ಲಿ ನಾನು ಕಂಡದ್ದು ಇದನ್ನೇ. ದೊಡ್ಡ ಸ್ಟೇಡಿಯಂಗಳಲ್ಲೂ ನಡೆಯುವುದು ಇದೇ.

2024ರ ಡಿಸೆಂಬರ್ ನೆನಪಿದೆಯಾ? ಬ್ರಿಸ್ಬೇನ್‌ನ ಗಾಬಾದಲ್ಲಿ ಭಾರತ–ಆಸ್ಟ್ರೇಲಿಯಾ ಟೆಸ್ಟ್. ಬೂಮ್ರಾ ಅದ್ಭುತವಾಗಿ ಬೌಲ್ ಮಾಡುತ್ತಿದ್ದರು. ಅವರನ್ನು ಹೊಗಳೋಕೆ ಹೋಗಿ ಕಾಮೆಂಟೇಟರ್ ಇಸಾ ಗುಹಾ 'ಪ್ರೈಮೇಟ್' ಅನ್ನೋ ಪದ ಬಳಸಿದರು. ಮಂಗಗಳೂ ಸೇರುವ ಪ್ರಾಣಿವರ್ಗದ ಹೆಸರು ಅದು. 2008ರ ಸಿಡ್ನಿ ಟೆಸ್ಟ್‌ನಲ್ಲಿ ಹರ್ಭಜನ್ ಸಿಂಗ್ ಆಸ್ಟ್ರೇಲಿಯಾದ ಆಂಡ್ರ್ಯೂ ಸೈಮಂಡ್ಸ್ ಅವರನ್ನು ಮಂಗ ಅಂದರು ಅನ್ನೋ ಆರೋಪದ ಗಲಾಟೆ ಕಂಡವರಿಗೆ ಆ ಪದ ಕಿವಿಗೆ ಚುಚ್ಚಲೇಬೇಕು, ನನಗೂ ಚುಚ್ಚಿತು. ಮರುದಿನ ಅವರು ನೇರ ಪ್ರಸಾರದಲ್ಲೇ ಕ್ಷಮೆ ಕೇಳಿದರು. ಪಕ್ಕದಲ್ಲಿದ್ದ ರವಿ ಶಾಸ್ತ್ರಿ, ಹೀಗೆ ಎಲ್ಲರ ಮುಂದೆ ಒಪ್ಪಿಕೊಳ್ಳೋಕೆ ಧೈರ್ಯ ಬೇಕು ಅಂತ ಹೇಳಿದರು. ಆ ಪದವನ್ನು ಟೀಕಿಸಿ, ಅದು ನ್ಯಾಯ. ಆದರೆ ನಾನು ಓದಿದ ಎಷ್ಟೋ ಕಾಮೆಂಟುಗಳು ಆ ಪದದ ಬಗ್ಗೆ ಇರಲೇ ಇಲ್ಲ. "ಅದಕ್ಕೇ ಹೆಂಗಸರು ಬೇಡ" ಅನ್ನೋದೇ ಅವುಗಳ ಸಾರ.

ಇನ್ನೊಂದು ಘಟನೆಯನ್ನು ಇದರ ಪಕ್ಕ ಇಟ್ಟು ನೋಡಿ. 2006ರಲ್ಲಿ ಕೊಲಂಬೊ ಟೆಸ್ಟ್ ನಡೆಯುವಾಗ, ಜಾಹೀರಾತು ಹೋಗುತ್ತಿದೆ ಅಂದುಕೊಂಡು ಆಸ್ಟ್ರೇಲಿಯಾದ ಮಾಜಿ ಆಟಗಾರ, ಕಾಮೆಂಟೇಟರ್ ಡೀನ್ ಜೋನ್ಸ್, ದಕ್ಷಿಣ ಆಫ್ರಿಕಾದ ಮುಸ್ಲಿಂ ಆಟಗಾರ ಹಾಶಿಂ ಆಮ್ಲಾ ಅವರನ್ನು ಭಯೋತ್ಪಾದಕ ಅಂದುಬಿಟ್ಟರು. ಮೈಕ್ ಆನ್ ಇತ್ತು. ಟೆನ್ ಸ್ಪೋರ್ಟ್ಸ್ ಚಾನೆಲ್ ಜೋನ್ಸ್ ಅವರನ್ನು ಕೆಲಸದಿಂದ ತೆಗೆಯಿತು, ಅವರು ಕ್ಷಮೆ ಕೇಳಿದರು. ಆಮೇಲೆ ಮತ್ತೆ ಕಾಮೆಂಟರಿಗೆ ಬಂದರು, ನಮ್ಮ ದೇಶದಲ್ಲಿ ತುಂಬ ಜನರ ಪ್ರೀತಿಯನ್ನೂ ಗಳಿಸಿದರು. 2020ರಲ್ಲಿ ಮುಂಬೈನಲ್ಲಿ ತೀರಿಕೊಂಡಾಗಲೂ ಐಪಿಎಲ್ ಕಾಮೆಂಟರಿ ಕೆಲಸದಲ್ಲೇ ಇದ್ದರು. ಒಬ್ಬ ಮನುಷ್ಯ ತಪ್ಪು ಮಾಡಿದ, ಶಿಕ್ಷೆ ಅನುಭವಿಸಿದ, ತಿದ್ದಿಕೊಂಡ. ಸರಿಯಾದ ದಾರಿಯೇ. ಅದೇ ದಾರಿ ಹೆಂಗಸರಿಗೂ ಇರಲಿ. ಸಮಾನತೆ ಅಂದರೆ ನನಗೆ ಬೇಕಾಗಿರುವುದು ಇಷ್ಟೇ.

"ಆಡಿಯೇ ಇಲ್ಲ" ಅನ್ನೋ ಮಾತು ನೋಡೋಣ. ವ್ಯತ್ಯಾಸ ಇಲ್ಲ ಅಂತ ನಾನು ಹೇಳುವುದಿಲ್ಲ. ಮಹಿಳೆಯರ ಬಾಲ್ 140ರಿಂದ 151 ಗ್ರಾಂ ತೂಗುತ್ತದೆ, ಪುರುಷರದ್ದು 156ರಿಂದ 163. ಬೌಂಡರಿ ಹತ್ತಿರ, ವೇಗ ಕಡಿಮೆ. 145 ಕಿಲೋಮೀಟರ್ ವೇಗದ ಬೌನ್ಸರ್ ಮುಖದ ಹತ್ತಿರ ಹಾದುಹೋದರೆ ಹೇಗಿರುತ್ತೆ ಅಂತ ಅದನ್ನು ಆಡಿದವರೇ ಚೆನ್ನಾಗಿ ಹೇಳಬಲ್ಲರು. ಒಪ್ಪುತ್ತೇನೆ. ಆದರೆ ಕಾಮೆಂಟೇಟರ್ ಹರ್ಷ ಭೋಗ್ಲೆ ಅಂಥ ಬೌನ್ಸರ್ ಆಡಿದ್ದಾರಾ? ಅವರು ಕೆಮಿಕಲ್ ಎಂಜಿನಿಯರಿಂಗ್ ಓದಿ, ಐಐಎಂ ಅಹಮದಾಬಾದಿಗೆ ಹೋದವರು. ಬ್ರಿಟನ್ನಿನ ಕಾಮೆಂಟೇಟರ್ ಜಾನ್ ಆರ್ಲಟ್ ಮೊದಲು ಪೊಲೀಸ್ ಆಗಿದ್ದವರು. ಇವರಿಬ್ಬರನ್ನೂ ನಾವು ತಲೆ ಮೇಲೆ ಹೊತ್ತು ಮೆರೆಸಿದ್ದೇವೆ. ಸರಿಯಾಗಿಯೇ ಮೆರೆಸಿದ್ದೇವೆ.

ಕಾಮೆಂಟರಿ ಬಾಕ್ಸಿನಲ್ಲಿ ಎರಡು ಥರದ ಕೆಲಸ ಇರುತ್ತದೆ. ಒಬ್ಬರು ಬಾಲ್ ಬಾಲಿಗೂ ಆಟ ನಡೆಸಿಕೊಂಡು ಹೋಗುತ್ತಾರೆ. ಇನ್ನೊಬ್ಬರು ಯಾಕೆ ಹಾಗಾಯಿತು ಅಂತ ಬಿಡಿಸಿ ಹೇಳುತ್ತಾರೆ. ಮೊದಲನೆಯದಕ್ಕೆ ಕಣ್ಣು, ಭಾಷೆ, ತಯಾರಿ ಸಾಕು. ಎರಡನೆಯದಕ್ಕೆ ಆಡಿದ ಅನುಭವ ಬೇಕು, ಮತ್ತು ಅಲ್ಲಿ ಕೂರುವ ಹೆಂಗಸರಿಗೆ ಅದು ಧಾರಾಳವಾಗಿದೆ. ಇಸಾ ಗುಹಾ 2009ರಲ್ಲಿ ವಿಶ್ವಕಪ್ ಗೆದ್ದ ಇಂಗ್ಲೆಂಡ್ ತಂಡದ ಬೌಲರ್. ಪುಣೆಯಲ್ಲಿ ಹುಟ್ಟಿದ ಲೀಸಾ ಸ್ಥಳೇಕರ್ ಆಸ್ಟ್ರೇಲಿಯಾದ ಆಫ್ ಸ್ಪಿನ್ನರ್, 2013ರಲ್ಲಿ ಮುಂಬೈನಲ್ಲಿ ವಿಶ್ವಕಪ್ ಎತ್ತಿದವರು. ಅಂಜುಮ್ ಚೋಪ್ರಾ 127 ಏಕದಿನ ಪಂದ್ಯ ಆಡಿದ ಭಾರತದ ಮಾಜಿ ಕ್ಯಾಪ್ಟನ್. ಬಲಗೈ ಬ್ಯಾಟ್ಸ್‌ಮನ್‌ಗೆ ಆಫ್ ಸ್ಪಿನ್ನರ್ ಯಾಕೆ ರೌಂಡ್ ದ ವಿಕೆಟ್ ಬಂದರು ಅಂತ ಸ್ಥಳೇಕರ್ ಹೇಳಿದರೆ, ಬಾಲಿನ ತೂಕ ಹತ್ತು ಗ್ರಾಂ ಕಡಿಮೆ ಇತ್ತು ಅಂತ ಆ ಮಾತು ಸುಳ್ಳಾಗುತ್ತಾ?

ಇದನ್ನೇ ತಿರುಗಿಸಿ ಕೇಳುತ್ತೇನೆ. ಮಹಿಳೆಯರ ಮ್ಯಾಚಿಗೆ ಗಂಡಸರು ಮೊದಲಿನಿಂದಲೂ ಕಾಮೆಂಟರಿ ಮಾಡುತ್ತಾ ಬಂದಿದ್ದಾರೆ. ಅವರು ಮಹಿಳಾ ಕ್ರಿಕೆಟ್ ಆಡಿದವರಲ್ಲ. ನೀವು ಯಾವತ್ತಾದರೂ ಅವರ ಅರ್ಹತೆ ಕೇಳಿದ್ದೀರಾ? ನಾನೂ ಕೇಳಿಲ್ಲ. ಕೇಳಬೇಕು ಅನ್ನಿಸಿದ್ದೂ ಇಲ್ಲ.

ಧ್ವನಿಯ ಮಾತೂ ಬರುತ್ತದೆ. ಹೆಣ್ಣು ಧ್ವನಿ ಕೀರಲು, ಕ್ರಿಕೆಟ್‌ಗೆ ಹೊಂದಲ್ಲ ಅಂತ. ನಮ್ಮ ಅಜ್ಜ ದಿನಾ ಆಕಾಶವಾಣಿ ವಾರ್ತೆ ಕೇಳುತ್ತಿದ್ದರು. ಎಷ್ಟೋ ದಿನ ಓದುತ್ತಿದ್ದದ್ದು ಹೆಣ್ಣುಮಕ್ಕಳೇ. ಚುನಾವಣೆ, ಯುದ್ಧ, ಪ್ರವಾಹ, ಎಲ್ಲವನ್ನೂ ಅದೇ ಧ್ವನಿಯಲ್ಲಿ ಕೇಳಿದ ಮನುಷ್ಯ ಒಂದು ದಿನವೂ ಗೊಣಗಲಿಲ್ಲ. ಕಿವಿಗೆ ರೂಢಿಯಾಗಿತ್ತು ಅಷ್ಟೇ.

ಕ್ರಿಕೆಟ್‌ನಲ್ಲಿ ಆ ರೂಢಿ ಆಗೋಕೆ ಅವಕಾಶವೇ ಸಿಕ್ಕಿರಲಿಲ್ಲ. 1977ರಲ್ಲೇ ಇಂದೋರ್‌ನಲ್ಲಿ ಬಾಂಬೆ ಮತ್ತು ಇಂಗ್ಲೆಂಡ್‌ನ ಎಂಸಿಸಿ ತಂಡಗಳ ನಡುವಿನ ಪಂದ್ಯಕ್ಕೆ ಚಂದ್ರಾ ನಾಯ್ಡು ಕಾಮೆಂಟರಿ ಹೇಳಿದ್ದರು. ಭಾರತದ ಮೊದಲ ಟೆಸ್ಟ್ ಕ್ಯಾಪ್ಟನ್ ಸಿ.ಕೆ. ನಾಯ್ಡು ಅವರ ಮಗಳು, ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದವರು. ಐಪಿಎಲ್ ಕಾಮೆಂಟರಿ ತಂಡಕ್ಕೆ ನಾಲ್ವರು ಮಹಿಳೆಯರು ಬಂದದ್ದು 2015ರಲ್ಲಿ. ನಡುವೆ 38 ವರ್ಷ. ಬೇರೆ ಕಡೆಯೂ ಹೀಗೇ ತಡ. ಬಿಬಿಸಿ ರೇಡಿಯೋದ ಕ್ರಿಕೆಟ್ ಕಾಮೆಂಟರಿ ಕಾರ್ಯಕ್ರಮ ಟೆಸ್ಟ್ ಮ್ಯಾಚ್ ಸ್ಪೆಷಲ್‌ನಲ್ಲಿ ಬಾರ್ಬಡೋಸ್‌ನ ವಕೀಲೆ ಡೊನಾ ಸೈಮಂಡ್ಸ್ ಮಾತಾಡಿದ್ದು 1998ರಲ್ಲಿ, ಆಲಿಸನ್ ಮಿಚೆಲ್ ಅಲ್ಲಿ ಕಾಯಂ ಆಗಿ ಬಂದದ್ದು 2007ರಲ್ಲಿ.

ಈಗ ನಿಮ್ಮ ಮಾತಿನಲ್ಲಿ ನಾನು ಒಪ್ಪುವ ಭಾಗ. ತೋರಿಕೆಗೆ ಕೂರಿಸುವುದು ಇದೆ, ಇತ್ತು. 1983ರಲ್ಲಿ ಆಸ್ಟ್ರೇಲಿಯಾದ ಚಾನೆಲ್ ನೈನ್ ಕೇಟ್ ಫಿಟ್ಜ್‌ಪ್ಯಾಟ್ರಿಕ್ ಅನ್ನೋ ನಟಿಯನ್ನು ಕಾಮೆಂಟರಿಗೆ ಕೂರಿಸಿತು. ಜಾಸ್ತಿ ದಿನ ನಡೆಯಲಿಲ್ಲ. 2003ರ ವಿಶ್ವಕಪ್‌ನಲ್ಲಿ ನಮ್ಮಲ್ಲಿ ನಟಿ ಮಂದಿರಾ ಬೇಡಿ ಸ್ಟುಡಿಯೋಗೆ ಬಂದಾಗ ಜನ ಮಾತಾಡಿದ್ದು ಅವರ ಸೀರೆ, ಬ್ಲೌಸಿನ ಬಗ್ಗೆ. ಅವರು ಕೇಳಿದ ಪ್ರಶ್ನೆಗಳಿಗೆ ಪಕ್ಕದಲ್ಲಿದ್ದ ಆಟಗಾರರು ಸರಿಯಾಗಿ ಉತ್ತರ ಕೂಡ ಕೊಡುತ್ತಿರಲಿಲ್ಲ ಅಂತ ಆಮೇಲೆ ಅವರೇ ಹೇಳಿಕೊಂಡಿದ್ದಾರೆ. ಇಲ್ಲಿ ನನ್ನ ಸಿಟ್ಟು ಚಾನೆಲ್‌ಗಳ ಮೇಲೆ. ಕ್ರಿಕೆಟ್ ಆಡಿದ ಹೆಂಗಸರು ಆಗಲೂ ಇದ್ದರು. ನಮ್ಮ ಬೆಂಗಳೂರಿನ ಶಾಂತಾ ರಂಗಸ್ವಾಮಿ 1976ರಲ್ಲೇ ಭಾರತ ಮಹಿಳಾ ತಂಡದ ಮೊದಲ ಟೆಸ್ಟ್‌ಗೆ ಕ್ಯಾಪ್ಟನ್ ಆಗಿದ್ದರು, ಅದೂ ಬೆಂಗಳೂರಿನಲ್ಲೇ. ಅಂಥವರನ್ನು ಬಿಟ್ಟು ನೋಡೋಕೆ ಚೆನ್ನಾಗಿರುವವರನ್ನು ಹುಡುಕಿದ್ದು ಯಾರು?

ಕೆಲಸ ಗೊತ್ತಿದ್ದವರಿಗೂ ಸುಲಭ ಇಲ್ಲ. ಮಯಂತಿ ಲ್ಯಾಂಗರ್ ಎಷ್ಟೋ ವರ್ಷಗಳಿಂದ ಕ್ರಿಕೆಟ್ ನಿರೂಪಣೆ ಮಾಡುತ್ತಿದ್ದಾರೆ. 2016ರಲ್ಲಿ ಫ್ಲೋರಿಡಾದಲ್ಲಿ ಅವರ ಗಂಡ, ನಮ್ಮ ಸ್ಟುವರ್ಟ್ ಬಿನ್ನಿ, ಒಂದೇ ಓವರಿಗೆ 32 ರನ್ ಕೊಟ್ಟರು. ಜನ ಬೈದದ್ದು ಹೆಂಡತಿಗೆ. ಅದಕ್ಕೆ ಎರಡು ವರ್ಷ ಮುಂಚೆ ಮೀರ್‌ಪುರದಲ್ಲಿ ಇದೇ ಬಿನ್ನಿ 4 ರನ್‌ಗೆ 6 ವಿಕೆಟ್ ತೆಗೆದಿದ್ದರಲ್ಲ, ಆಗ ಮಯಂತಿಗೆ ಯಾರೂ ಹಾರ ಹಾಕಿರಲಿಲ್ಲ.

ಹೆಂಗಸರು ಬಾಕ್ಸಿನಲ್ಲಿ ಇರೋದರಿಂದ ನಮಗೆ ಏನು ಲಾಭ ಅಂತ ಕೇಳಿದರೆ, ನನಗೆ ಮೊದಲು ಹೊಳೆಯುವುದು ನೆನಪು. 2010ರಲ್ಲಿ ಗ್ವಾಲಿಯರ್‌ನಲ್ಲಿ ಸಚಿನ್ 200 ಹೊಡೆದಾಗ ನಾನು ಕುಣಿದಾಡಿದ್ದೆ. ಏಕದಿನ ಕ್ರಿಕೆಟ್‌ನ ಮೊದಲ ಡಬಲ್ ಸೆಂಚುರಿ ಅಂತಲೇ ನಂಬಿದ್ದೆ. ಎಷ್ಟೋ ವರ್ಷ ಆದ ಮೇಲೆ ಗೊತ್ತಾಯಿತು, ಆಸ್ಟ್ರೇಲಿಯಾದ ಬೆಲಿಂಡಾ ಕ್ಲಾರ್ಕ್ 1997ರಲ್ಲೇ ಮುಂಬೈನಲ್ಲಿ ಡೆನ್ಮಾರ್ಕ್ ವಿರುದ್ಧ 229 ಹೊಡೆದು ನಾಟೌಟ್ ಉಳಿದಿದ್ದರು ಅಂತ. ಮೊದಲ ವಿಶ್ವಕಪ್ ಕೂಡ ಮಹಿಳೆಯರದ್ದೇ, 1973ರಲ್ಲಿ. ಗಂಡಸರದ್ದು 1975ರಲ್ಲಿ. ಇವನ್ನೆಲ್ಲ ತಮ್ಮ ಮನೆಯ ವಿಷಯದ ಹಾಗೆ ಬಲ್ಲವರು ಒಬ್ಬರು ಮೈಕ್ ಹತ್ತಿರ ಇದ್ದರೆ, "ಪುರುಷರಲ್ಲಿ ಮೊದಲು" ಅಂತ ಒಂದು ಪದ ಸೇರಿಸಿ ಹೇಳುತ್ತಾರೆ. ಆ ಒಂದು ಪದ ನನಗೆ ತುಂಬ ದೊಡ್ಡದು.

ಸಮಾನತೆ ಚರ್ಚೆಯಲ್ಲಿ ಯಾವಾಗಲೂ ದುಡ್ಡಿನ ಮಾತು ಬರುತ್ತದೆ. 2022ರಲ್ಲಿ ಬಿಸಿಸಿಐ ಪುರುಷರಿಗೂ ಮಹಿಳೆಯರಿಗೂ ಒಂದೇ ಮ್ಯಾಚ್ ಫೀ ಮಾಡಿದಾಗ, ಮಹಿಳೆಯರ ಪಂದ್ಯ ಅಷ್ಟು ಸಂಪಾದನೆ ತರಲ್ಲ ಅಂತ ಕೆಲವರು ವಾದಿಸಿದರು. ಒಪ್ಪಿ ಬಿಡಿ, ಅದರಲ್ಲಿ ಚರ್ಚೆಗೆ ಏನೋ ಒಂದು ವಿಷಯ ಇದೆ. ಕಾಮೆಂಟರಿಯಲ್ಲಿ ಅದೂ ಇಲ್ಲ. ಅದೇ ಮ್ಯಾಚು, ಅದೇ ಮೈಕು, ನೋಡುವವರೂ ಅದೇ ಜನ.

ನಮ್ಮ ಮನೆಯಲ್ಲಿ ಐಪಿಎಲ್ ಅಂದರೆ ಕನ್ನಡ ಕಾಮೆಂಟರಿಯೇ. ಅದರಲ್ಲಿ ವೇದಾ ಕೃಷ್ಣಮೂರ್ತಿ ಮಾತಾಡಿದರೆ ನಾನು ಅಡುಗೆಮನೆಯಿಂದಲೇ ವಾಲ್ಯೂಮ್ ಜಾಸ್ತಿ ಮಾಡಿಸುತ್ತೇನೆ. ಕಡೂರಿನ ಹುಡುಗಿ, ನಮ್ಮ ಪಕ್ಕದ ತಾಲ್ಲೂಕು. 2017ರ ವಿಶ್ವಕಪ್‌ನಲ್ಲಿ ಸೆಮಿಫೈನಲ್‌ಗೆ ಹೋಗೋಕೆ ಗೆಲ್ಲಲೇಬೇಕಾದ ಪಂದ್ಯದಲ್ಲಿ ನ್ಯೂಜಿಲೆಂಡ್ ವಿರುದ್ಧ 45 ಬಾಲಿಗೆ 70 ಹೊಡೆದವರು. ಸ್ಲಾಗ್ ಓವರಿನಲ್ಲಿ ಬ್ಯಾಟ್ಸ್‌ಮನ್ ತಲೆಯಲ್ಲಿ ಏನು ಓಡುತ್ತಿರುತ್ತೆ ಅಂತ ಅವರಿಗೆ ಇನ್ನೊಬ್ಬರು ಹೇಳಿಕೊಡಬೇಕಾಗಿಲ್ಲ.

ನಿಮಗೆ ಯಾರದೋ ಕಾಮೆಂಟರಿ ಇಷ್ಟವಾಗದೇ ಇರಬಹುದು. ನನಗೂ ಕೆಲವು ಗಂಡಸರದ್ದು, ಕೆಲವು ಹೆಂಗಸರದ್ದು ಇಷ್ಟ ಆಗಲ್ಲ, ಮ್ಯೂಟ್ ಮಾಡುತ್ತೇನೆ. ಮುಂದಿನ ಸಲ ಹಾಗೆ ಅನ್ನಿಸಿದಾಗ ಅವರ ಹೆಸರು ಹೇಳಿ. ಯಾವ ಓವರು, ಯಾವ ಬಾಲು, ಏನು ತಪ್ಪು ಹೇಳಿದರು ಅಂತ ಇಲ್ಲೇ ಕೆಳಗೆ ಬರೆಯಿರಿ. ಈಗಲೂ ನಾನು ಪುಸ್ತಕ ಇಟ್ಟುಕೊಂಡು ಸ್ಕೋರ್ ಬರೆಯುತ್ತಲೇ ಮ್ಯಾಚ್ ನೋಡುವುದು. ಆ ಬಾಲ್ ತೆಗೆದು ನೋಡಿ, ತಪ್ಪಿದ್ದರೆ ತಪ್ಪು ಅಂತಲೇ ಉತ್ತರ ಬರೆಯುತ್ತೇನೆ.