ಕೇಳದೇ ಉಳಿದ ಹೆಸರು

ಆಪ್ತಸಲಹೆಗೆಂದು ನನ್ನ ಬಳಿ ಬಂದ ಗಂಡ ಹೆಂಡತಿ, ಇಬ್ಬರೂ ಕಲಬುರಗಿಯವರು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಆತ ತೊಗರಿ ಬೇಳೆ ಮಿಲ್ಲೊಂದರಲ್ಲಿ ಲೆಕ್ಕ ಬರೆಯುತ್ತಾನೆ; ಆಕೆ ಮನೆಯಲ್ಲೇ ರವಿಕೆ ಹೊಲಿಯುತ್ತಾಳೆ. ಮದುವೆಯಾಗಿ ಆರು ವರ್ಷ.

ಮದುವೆಯಾದ ಹೊಸದರಲ್ಲಿ ಆಕೆ ಹೇಳಿಕೊಂಡಿದ್ದಳು: ಹಾಸ್ಟೆಲಿನ ಗೆಳತಿಯೊಬ್ಬಳನ್ನು ತಾನು ಪ್ರೀತಿಸಿದ್ದೆ ಎಂದು. ಆತ ನಕ್ಕು ಮಗ್ಗುಲು ಬದಲಿಸಿದ್ದ. ಕಳೆದ ಬೇಸಿಗೆಯಲ್ಲಿ, ಕರೆಂಟು ಹೋಗಿ ಮಾಳಿಗೆಯ ಮೇಲೆ ಮಲಗಿದ್ದ ರಾತ್ರಿ, ಆತನೂ ಬಾಯಿಬಿಟ್ಟ. ಮದುವೆಗೆ ಮುಂಚೆ ಒಬ್ಬ ಹುಡುಗನ ಮೇಲೆ ಮನಸ್ಸಿತ್ತು, ಈಗ ನಿನ್ನ ಮೇಲಿದೆ ಎಂದ. ಆಕೆ ಹಾಸಿಗೆ ಸುತ್ತಿಕೊಂಡು ಕೆಳಗಿಳಿದಳು.

“ನನ್ನದು ಹುಡುಗಾಟ ಮೇಡಂ. ಇವರದು ಹಾಗಲ್ಲ. ಗಂಡಸು ಒಮ್ಮೆ ಆ ಕಡೆ ಹೋದರೆ ಮುಗಿಯಿತು” ಎಂದಳು. ಹುಡುಗಾಟವೇ ಎಂದು ಮತ್ತೆ ಕೇಳಿದೆ. ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ ಸುಮ್ಮನಾದಳು.

ಅಮೆರಿಕದ ಮನಶ್ಶಾಸ್ತ್ರಜ್ಞ ಗ್ರೆಗರಿ ಹೆರೆಕ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗಂಡು ಹೆಣ್ಣು ಇಬ್ಬರತ್ತಲೂ ಒಲವಿರುವ ಹೆಂಗಸರಿಗಿಂತ ಅಂಥ ಗಂಡಸರ ಬಗ್ಗೆ ಗಂಡಸರಿಗೆ ಹೆಚ್ಚು ಅಸಹನೆಯಿತ್ತು. ಹೆಂಗಸರು ಆ ಭೇದ ಮಾಡಿರಲಿಲ್ಲ. ನನ್ನ ಎದುರಿಗೆ ಕುಳಿತವಳು ಮಾಡಿದ್ದಳು! ಹೆಣ್ಣಿನ ಒಲವನ್ನು ನಮ್ಮಲ್ಲಿ ಒಪ್ಪುತ್ತಾರೆ ಎನ್ನುವುದು ನನಗೆ ಅರ್ಧ ಸುಳ್ಳು. ಲೆಕ್ಕಕ್ಕೇ ಹಿಡಿಯುವುದಿಲ್ಲ, ಅಷ್ಟೇ.

ಆಕೆಗೆ ಹೇಳಿದ್ದು: ಒಲವು ಎರಡೂ ಕಡೆ ಇದೆಯೆಂದರೆ ನಡತೆಯೂ ಎರಡೂ ಕಡೆ ಹರಿಯುತ್ತದೆ ಎಂದಲ್ಲ. ನಿಮ್ಮದು ಹರಿಯಿತೇ? ಕೊಟ್ಟ ಮಾತು ಉಳಿಸಿಕೊಂಡಿದ್ದಾನೆಯೇ ಎಂದು ಕೇಳುವ ಹಕ್ಕು ನಿಮಗಿದೆ, ಕೇಳಿ. ರೋಗದ ಭಯವಿದ್ದರೆ ಇಬ್ಬರೂ ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ಅತ್ತೆಯ ಕಿವಿಗೆ ಮಾತ್ರ ಹಾಕಬೇಡಿ. ಅದನ್ನು ಹೇಳಬೇಕಾದವನು ಆತನೇ. ‘ಸರಿಮಾಡಿಸುವ’ ಡಾಕ್ಟರನ್ನು ಹುಡುಕಿಕೊಂಡು ಸೊಲ್ಲಾಪುರಕ್ಕೆ ಹೋಗುವ ಯೋಚನೆ ಬಿಡಿ. ಅಂಥ ಚಿಕಿತ್ಸೆ ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ.

ಇಷ್ಟು ಹೊತ್ತು ತಲೆ ತಗ್ಗಿಸಿಕೊಂಡಿದ್ದವನ ಕಡೆ ತಿರುಗಿದೆ. “ಆ ಗೆಳತಿಯ ಹೆಸರೇನು?”

ಆತನಿಗೆ ಗೊತ್ತಿರಲಿಲ್ಲ. ಆರು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ತಾನು ದೊಡ್ಡ ಮನಸ್ಸಿನವನು ಎಂದೇ ನಂಬಿದ್ದ.

ಮೂರನೆಯ ಭೇಟಿಗೆ ಆಕೆ ಒಬ್ಬಳೇ ಬಂದಳು. ಹಾಸಿಗೆ ಇನ್ನೂ ಕೆಳಗಿನ ಕೋಣೆಯಲ್ಲೇ ಇದೆಯಂತೆ. ಹೋದ ಭಾನುವಾರ ರೊಟ್ಟಿ ಬಡಿಯುತ್ತಿದ್ದಾಗ ಆತ ಬಾಗಿಲಲ್ಲಿ ನಿಂತು ಹೆಸರು ಕೇಳಿದನಂತೆ.

“ಹೇಳಿದಿರಾ?”

“ರೊಟ್ಟಿ ಸೀದು ಹೋಯಿತು ಮೇಡಂ” ಎಂದಳು.