ಬಾವುಟ ಹಾರಿಸುವ ಮುಂಚೆ ಹಿತ್ತಲಿಗೆ ಬನ್ನಿ

ಪ್ರಶ್ನೆ: ಜನವರಿ 26ರಂದು ಮಕ್ಕಳು ಶಾಲೆಯಲ್ಲಿ ಬಾವುಟ ಹಾರಿಸಿ ಹತ್ತು ಗಂಟೆಗೆಲ್ಲ ಮನೆಗೆ ಬರುತ್ತಾರೆ. ಆಮೇಲೆ ಹಿತ್ತಲಲ್ಲಿ ಹಕ್ಕಿ ತೋರಿಸೋಣ ಅಂತಿದ್ದೇನೆ. ಕಾಫಿ ಗಿಡ, ಎರಡು ಹಾಲುವಾಣ, ಒಂದು ಅತ್ತಿ ಮರ ಇವೆ. ಬೈನಾಕ್ಯುಲರ್ ಇಲ್ಲ. ಅಕ್ಕಿ ಚೆಲ್ಲಿದರೆ ಬರುತ್ತವಾ? ನಮ್ಮೂರಿನವೇ ಆದ ಹಕ್ಕಿ ಯಾವುವು?
– ಓದುಗರು, ಮೂಡಿಗೆರೆ

ಉತ್ತರ: ಹತ್ತು ಗಂಟೆ ತಡವಾಯಿತು. ಮಕ್ಕಳು ಶಾಲೆಗೆ ಹೊರಡುವ ಮುಂಚೆ, ಮಂಜು ಕರಗುವ ಹೊತ್ತಿಗೆ ಅರ್ಧ ಗಂಟೆ ಕೂರಿಸಿ. ಬಿಸಿಲೇರಿದ ಮೇಲೆ ಹಕ್ಕಿಗಳು ನೆರಳು ಸೇರುತ್ತವೆ, ಮತ್ತೆ ಹೊರಬರುವುದು ಸಂಜೆ ನಾಲ್ಕರ ನಂತರ.

ಅಕ್ಕಿ ಬೇಡ. ನಿಮ್ಮ ಹಾಲುವಾಣವೇ ಸಾಕು. ಎಲೆ ಉದುರಿಸಿ ಕೆಂಪು ಹೂ ಬಿಡುವ ಕಾಲ ಇದು, ಮಕರಂದಕ್ಕೆ ಸೂರಕ್ಕಿ, ಎಲೆಹಕ್ಕಿ, ಕಾಜಾಣ, ಮೈನಾ ಎಲ್ಲ ಬರುತ್ತವೆ, ಬೋಳು ಕೊಂಬೆಯಾದ್ದರಿಂದ ಬರಿಗಣ್ಣಿಗೇ ಚೆನ್ನಾಗಿ ಕಾಣುತ್ತವೆ. ಜೊತೆಗೆ ಒಂದು ಮಣ್ಣಿನ ತಟ್ಟೆಯಲ್ಲಿ ಎರಡು ಬೆರಳು ಆಳದಷ್ಟು ನೀರಿಡಿ, ದಿನಾ ಬದಲಿಸಿ. ಬೆಕ್ಕು ಅಡಗುವ ಜಾಗ ಹತ್ತಿರ ಇರಬಾರದು.

ಇನ್ನು ನಮ್ಮೂರಿನವು. ಅತ್ತಿ ಹಣ್ಣಾಗಿದ್ದರೆ ಅದರ ಕೆಳಗೇ ಕೂತುಬಿಡಿ. ಬೆಳಿಗ್ಗೆಯಿಂದ ‘ಕುಟ್ರೂ ಕುಟ್ರೂ’ ಅಂತ ಕೂಗುತ್ತಲೇ ಇರುತ್ತದಲ್ಲ, ಆ ಬಿಳಿ ಕೆನ್ನೆಯ ಕುಟ್ರು ಹಕ್ಕಿ ಪಶ್ಚಿಮ ಘಟ್ಟ ಮತ್ತು ಅಕ್ಕಪಕ್ಕದ ಬೆಟ್ಟಗಳದ್ದು. ಹಸಿರು ಮೈ, ಎಲೆಯೊಳಗೆ ಸುಲಭಕ್ಕೆ ಸಿಗುವುದಿಲ್ಲ, ಹಣ್ಣು ಕೀಳಲು ಕತ್ತು ಚಾಚಿದಾಗ ಹಿಡಿಯಬೇಕು. ಮಲಬಾರ್ ಬೂದು ಮಂಗಟ್ಟೆ (ದೊಡ್ಡ ಕೊಕ್ಕಿನ ಹಾರ್ನ್‌ಬಿಲ್) ಪಶ್ಚಿಮ ಘಟ್ಟ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಗೊಗ್ಗರು ದನಿಯಲ್ಲಿ ಯಾರೋ ನಕ್ಕ ಹಾಗೆ ಕೇಳಿದರೆ ಅದೇ. ಅಂಥ ಹಕ್ಕಿ ನಮ್ಮ ಹಿತ್ತಲಿಗೆ ಬರುತ್ತದೆ ಅಂತ ಮಕ್ಕಳಿಗೆ ಗೊತ್ತಾಗಬೇಕು ಅಲ್ವಾ!

ಕಾಫಿ ಕಣದಲ್ಲಿ ಬಾಲ ಕುಣಿಸುತ್ತಾ ಓಡಾಡುವ ಬೂದು ಸಿಪಿಲೆ, ಗಿಡದ ಬುಡದಲ್ಲಿ ತರಗೆಲೆ ಕೆದಕುವ ನವರಂಗ, ಇವೆರಡೂ ಚಳಿಗಾಲಕ್ಕೆ ಉತ್ತರದಿಂದ ಬಂದ ನೆಂಟರು.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯಬೇಡಿ. ತನ್ನ ಜಾಗಕ್ಕೆ ಇನ್ನೊಂದು ನುಗ್ಗಿತು ಅಂದುಕೊಂಡು, ಮೇಯುವುದು ಬಿಟ್ಟು ಸುಮ್ನೆ ಜಗಳಕ್ಕೆ ಹುಡುಕಾಡುತ್ತದೆ ಪಾಪ.

ಪ್ರಶ್ನೆ: ನೋಡಿದ ಹಕ್ಕಿಗಳನ್ನು ಬರೆದಿಟ್ಟರೆ ಏನಾದರೂ ಉಪಯೋಗ ಉಂಟಾ?
– ಓದುಗರು, ಚಿಕ್ಕಮಗಳೂರು

ಉತ್ತರ: ಖಂಡಿತ ಇದೆ. ಫೆಬ್ರವರಿ ಮಧ್ಯದಲ್ಲಿ ನಾಲ್ಕು ದಿನ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ನಡೆಯುತ್ತದೆ, ಅಂದರೆ ಜಗತ್ತಿನೆಲ್ಲೆಡೆ ಜನಸಾಮಾನ್ಯರೇ ತಮ್ಮ ಸುತ್ತಲಿನ ಹಕ್ಕಿ ಎಣಿಸಿ ಅಧ್ಯಯನಕ್ಕೆ ಲೆಕ್ಕ ಕೊಡುವ ಕಾರ್ಯಕ್ರಮ. ಕನಿಷ್ಠ 15 ನಿಮಿಷ ಒಂದು ಕಡೆ ಕೂತು ಎಣಿಸಿ, ಪಟ್ಟಿಯನ್ನು ಹಕ್ಕಿ ಲೆಕ್ಕ ದಾಖಲಿಸುವ ಇ-ಬರ್ಡ್ ಎಂಬ ಮೊಬೈಲ್ ಆ್ಯಪಿಗೆ ಹಾಕಿದರಾಯಿತು. ಜನವರಿ 26ಕ್ಕೆ ಒಂದು ನೋಟ್‌ಬುಕ್ಕಿನಲ್ಲಿ ಅಭ್ಯಾಸ ಮಾಡಿಕೊಳ್ಳಿ. ಹೆಸರು ಗೊತ್ತಾಗದಿದ್ದರೆ ಬಣ್ಣ, ಕೊಕ್ಕು, ಕೂತ ಮರ ಇಷ್ಟು ಬರೆದು ನಮಗೆ ಕಳಿಸಿ, ಸೇರಿ ಹುಡುಕೋಣ.