ಆತ್ಮರಕ್ಷಣೆಯ ಪಿಸ್ತೂಲಿಗೆ ಹಾಲೋ ಪಾಯಿಂಟ್ ಗುಂಡೇ ಯಾಕೆ?

ಹಾಲೋ ಪಾಯಿಂಟ್, ಅಂದ್ರೆ ಮೂತಿಯಲ್ಲಿ ಕುಳಿ ಇರುವ ಗುಂಡು, ಗುರಿಯೊಳಗೇ ನಿಲ್ಲುವ ಸಾಧ್ಯತೆ ಜಾಸ್ತಿ. ಅದಕ್ಕೇ. ದೇಹಕ್ಕೆ ಹೊಕ್ಕಾಗ ಕುಳಿಯೊಳಗೆ ಒತ್ತಡ ಹೆಚ್ಚಿ ಅಂಚು ಹೂವಿನ ಎಸಳಿನಂತೆ ಹೊರಕ್ಕೆ ಮಡಚುತ್ತದೆ, ಗುಂಡು ಅಗಲವಾಗಿ ಬೇಗ ವೇಗ ಕಳೆದುಕೊಳ್ಳುತ್ತದೆ. ಅಭ್ಯಾಸಕ್ಕೆ ಬಳಸುವ, ಮೂತಿಯನ್ನೂ ಲೋಹದ ಹೊದಿಕೆ ಮುಚ್ಚಿರುವ ಗುಂಡು ಹೀಗೆ ಅರಳುವುದಿಲ್ಲ. ಆರಪಾರ ಹೋಗಿ ಹಿಂದೆ ನಿಂತ ಮನೆಯವರಿಗೇ ತಾಗಬಹುದು. ಈ ಅಪಾಯವನ್ನು ಜನ ತುಂಬಾ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಹಾಲೋ ಪಾಯಿಂಟ್ ಆದರೂ ಗುರಿ ತಪ್ಪಿದರೆ ಮನೆಯ ತೆಳು ಗೋಡೆ ದಾಟಬಲ್ಲದು.

ಹಾಗಂತ ಬೇಗ ನಿಂತಷ್ಟೂ ಒಳ್ಳೆಯದು ಅಂತಲ್ಲ. ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐನ ಮಾನದಂಡದಲ್ಲಿ, ದೇಹದ ಮಾಂಸಕ್ಕೆ ಬದಲಾಗಿ ಇಡುವ ಜೆಲಾಟಿನ್ ಗಟ್ಟಿಯೊಳಗೆ ಗುಂಡು 12ರಿಂದ 18 ಇಂಚು ಹೋಗಬೇಕು, ದಪ್ಪ ಬಟ್ಟೆ ದಾಟಿದ ಮೇಲೂ. ಬಟ್ಟೆಯ ಚೂರು ಕುಳಿಗೆ ತುಂಬಿಕೊಂಡರೆ ಗುಂಡು ಅರಳದೇ ಹೋಗಬಹುದು, ಆದ್ದರಿಂದ ಈ ಪರೀಕ್ಷೆ ದಾಟಿದ್ದನ್ನೇ ಕೊಳ್ಳಿ.

ಬ್ರ್ಯಾಂಡ್‌ಗಿಂತ ಮುಖ್ಯ, ನಿಮ್ಮದೇ ಪಿಸ್ತೂಲಿನಲ್ಲಿ ಅದು ಸಿಕ್ಕಿಕೊಳ್ಳದೆ ಓಡುತ್ತದಾ ಅನ್ನೋದು. ಮ್ಯಾಗಜೀನ್‌ನಿಂದ, ಅಂದ್ರೆ ಪಿಸ್ತೂಲಿಗೆ ಗುಂಡು ತುಂಬಿಡುವ ಡಬ್ಬಿಯಿಂದ, ಮೇಲೇರುವಾಗ ಕುಳಿಯ ಅಂಚು ತಾಗಿ ಸಿಕ್ಕಿಕೊಳ್ಳಬಹುದು, ಸುಮ್ನೆ ಪೆಟ್ಟಿಗೆ ನೋಡಿದರೆ ಅದು ಗೊತ್ತಾಗಲ್ಲ, ಗುಂಡು ಹಾರಿಸುವ ಅಭ್ಯಾಸದ ಜಾಗದಲ್ಲಿ (ರೇಂಜಿನಲ್ಲಿ) ಹಲವು ಮ್ಯಾಗಜೀನ್ ಹಾರಿಸಿಯೇ ನೋಡಬೇಕು. ಕೆಲವು ಕಡೆ ಹಾಲೋ ಪಾಯಿಂಟ್‌ಗೆ ಕಾನೂನಿನ ನಿರ್ಬಂಧವಿದೆ, ಕೊಳ್ಳುವ ಮೊದಲೇ ವಿಚಾರಿಸಿ.